ಹೆಲ್ಪರ್ ಮೆಥಡ್: ಬಳಸುವವರ ಕೈಪಿಡಿ, ತೆಂಗಿನ ಸೀಮೆಯ ಆವೃತ್ತಿ

ತಾವು ಹೆಲ್ಪರ್ ಮೆಥಡ್ ಬರೆಯಲು ಮನಸ್ಸು ಮಾಡಿದ್ದಕ್ಕೆ ಅಭಿನಂದನೆ. ಈ ಕೈಪಿಡಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹವೆಗೆ ಮಾತ್ರ ಒಗ್ಗಿದ್ದು. ಮಂಡ್ಯದ ಗದ್ದೆಯಲ್ಲೋ ಕೊಡಗಿನ ಕಾಫಿ ತೋಟದಲ್ಲೋ ಬಳಸಿ ಕೆಟ್ಟರೆ ನಾವು ಹೊಣೆಯಲ್ಲ. ಪೂರ್ತಿ ಓದಿ, ಜೋಪಾನವಾಗಿ ಎತ್ತಿಡಿ. ಮುಂದೊಂದು ದಿನ ಇದೇ ಕೋಡ್ ತಿದ್ದಲು ಬರುವ ಹುಡುಗ ನಿಮ್ಮ ಹೆಸರು ಹಿಡಿದು ಬೈಯುವಾಗ ಅವನ ಕೈಗೆ ಕೊಡಲು ಬೇಕಾಗುತ್ತದೆ.

ಸುರಕ್ಷತೆಯ ಸೂಚನೆ ಒಂದೇ. ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದವರು ಲ್ಯಾಪ್‌ಟಾಪ್ ಹಿಡಿದು ತೆಂಗಿನ ಮರದ ಬುಡದಲ್ಲಿ ಕೂರಬೇಡಿ. ನೆರಳೇನೋ ಚೆನ್ನಾಗಿರುತ್ತದೆ, ಮನೆಯೊಳಗೆ ಸಿಗದ ನೆಟ್‌ವರ್ಕ್ ಅಲ್ಲಿ ಸಿಗುತ್ತದೆ. ಆದರೆ ಬಲಿತ ಕಾಯಿ ಬೀಳುವ ಮುಂಚೆ ನೋಟಿಫಿಕೇಶನ್ ಕಳಿಸುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ವೆಬ್ ಫ್ರೇಮ್‌ವರ್ಕ್. ರೈಲ್ಸ್, ಜಾಂಗೋ, ಲಾರಾವೆಲ್, ಯಾವ ತಳಿಯಾದರೂ ನಡೆದೀತು. ಅದರೊಳಗೆ ಮಾಡೆಲ್‌ಗಳು. ಡೇಟಾಬೇಸಿನ ಒಂದೊಂದು ಕೋಷ್ಟಕದ ಪರವಾಗಿ ಕೋಡಿನಲ್ಲಿ ನಿಂತು ಮಾತಾಡುವವು ಇವು. ಕೊಬ್ಬರಿ ಮಂಡಿಗೊಂದು ವೆಬ್‌ಸೈಟ್ ಕಟ್ಟಲು ಹೊರಟವರಿಗೆ ಕಡಿಮೆಯೆಂದರೂ ಮೂರು ಬೇಕು: ರೈತ, ತೋಟ, ಲಾಟ್. ಇವನ್ನು ಪದೇ ಪದೇ ಕೇಳಬೇಕಾಗುವ ಚಿಕ್ಕ ಪ್ರಶ್ನೆಗಳಿಗೆ ನೀವು ಮೊದಲೇ ಬರೆದಿಡುವ ಉತ್ತರವೇ ಹೆಲ್ಪರ್ ಮೆಥಡ್. ತೋಟ.ವಿಸ್ತೀರ್ಣ ಎಂದರೆ ಎಕರೆ ಬರಬೇಕು, ತೋಟ.ಮಾಲೀಕ ಎಂದರೆ ಹೆಸರು ಬರಬೇಕು, ಲಾಟ್.ಧಾರಣೆ ಎಂದರೆ ರೂಪಾಯಿ ಬರಬೇಕು. ಹಿಂದೆ ಎಷ್ಟು ಕೋಷ್ಟಕ ಜೋಡಿಸಿದಿರಿ, ಎಷ್ಟು ಸಲ ಡೇಟಾಬೇಸಿನ ಬಾಗಿಲು ತಟ್ಟಿದಿರಿ ಎಂಬುದು ಕೇಳಿದವನಿಗೆ ತಿಳಿಯಬೇಕಾಗಿಲ್ಲ. ಅನುಕೂಲ ಇರುವುದೇ ಇದರಲ್ಲಿ. ತಂಟೆ ಇರುವುದೂ ಇದರಲ್ಲೇ.

ಕೋಷ್ಟಕದ ಒಂದು ಸಾಲೂ ಆ ಸಾಲಿಗೆ ಕೇಳಬಹುದಾದ ಪ್ರಶ್ನೆಗಳೂ ಒಂದೇ ಕಡೆ ಇರಲಿ ಎಂಬ ಏರ್ಪಾಟಿಗೆ ಮಾರ್ಟಿನ್ ಫೌಲರ್ 2002ರ ತಮ್ಮ ಪುಸ್ತಕದಲ್ಲಿ ‘ಆಕ್ಟಿವ್ ರೆಕಾರ್ಡ್’ ಎಂಬ ಹೆಸರು ಬಳಸಿದರು. 2004ರಲ್ಲಿ ರೂಬಿ ಆನ್ ರೈಲ್ಸ್ ಬಂದು ಅದನ್ನು ಮನೆಮಾತು ಮಾಡಿತು. ಮಾರನೆಯ ವರ್ಷ ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯೊಂದರ ಕಚೇರಿಯಿಂದ ಜಾಂಗೋ ಹೊರಬಿತ್ತು. ಕಾನ್ಸಸ್ ಗೋಧಿ ಬೆಳೆಯುವ ನಾಡು. ಹಾಗಾಗಿ ಬೇಸಾಯದವರಿಗೂ ಫ್ರೇಮ್‌ವರ್ಕಿಗೂ ಏನು ಸಂಬಂಧ ಎಂದು ನಿಮ್ಮ ತಂದೆಯವರು ಕೇಳಿದರೆ ಹೇಳಲು ಒಂದು ಮಾತು ಸಿಕ್ಕಿತು.

ಕೆಲವು ಹೆಲ್ಪರ್‌ಗಳು ಪೆಟ್ಟಿಗೆಯಲ್ಲೇ ಬರುತ್ತವೆ. ಜಾಂಗೋದಲ್ಲಿ ಕೊಬ್ಬರಿಯ ಬಗೆ ಎಂಬ ಕಾಲಂಗೆ ‘ಉ’ ಅಂದರೆ ಉಂಡೆ, ‘ಮಿ’ ಅಂದರೆ ಮಿಲ್ಲಿಂಗ್ ಎಂದು ಒಮ್ಮೆ ಪಟ್ಟಿ ಕೊಟ್ಟರೆ ಸಾಕು. ಡೇಟಾಬೇಸಿನಲ್ಲಿ ಒಂದಕ್ಷರ ಕೂತಿರುತ್ತದೆ, ಪರದೆಯ ಮೇಲೆ ಪೂರ್ತಿ ಹೆಸರು ತೋರಿಸುವ ಮೆಥಡ್ ತಾನಾಗಿ ಹುಟ್ಟಿಕೊಳ್ಳುತ್ತದೆ. ರೈಲ್ಸ್ ಇನ್ನೂ ಉದಾರಿ. ‘ಫೈಂಡ್_ಬೈ’ ಎಂದು ಬರೆದು ಮುಂದೆ ಯಾವ ಕಾಲಂನ ಹೆಸರು ಅಂಟಿಸಿದರೂ, ಅಂಥ ಮೆಥಡ್ ಮೊದಲಿನಿಂದ ಇತ್ತೇನೋ ಎಂಬಂತೆ ಓಗೊಡುತ್ತದೆ. ಕರೆದದ್ದಕ್ಕೆಲ್ಲ ಓಗೊಡುವ ಈ ಗುಣ ಅತಿಯಾಗಿ, 2013ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಇಂಥ ಇತರ ಮೆಥಡ್‌ಗಳಲ್ಲಿ ಬಹುಪಾಲನ್ನು ಕೈಬಿಡುವ ದಾರಿ ಹಿಡಿದರು. ಒಳ್ಳೆಯದೇ ಮಾಡಿದರು.

ಇನ್ನೊಂದು ವಿಷಯ. ಪೈಥಾನ್ ಮೂರನೆಯ ಆವೃತ್ತಿಯಿಂದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ತೋಟ.ವಿಸ್ತೀರ್ಣ ಎಂದು ಬರೆದದ್ದು ತಮಾಷೆಗಲ್ಲ, ಅದು ನಿಜವಾಗಿ ಓಡುತ್ತದೆ. ಪಹಣಿಯಿಂದ ನಕಲು ಮಾಡಿದ ‘೪೦’ ಎಂಬ ಕನ್ನಡ ಅಂಕಿಯನ್ನು ಸಂಖ್ಯೆಯಾಗಿ ಮಾಡು ಎಂದರೆ ನಲವತ್ತು ಎಂದೇ ಓದಿಕೊಳ್ಳುತ್ತದೆ. ಆದರೆ ಒತ್ತಕ್ಷರ ಬಿಡಿಸಲು ನಾವು ಒತ್ತುವ ಆ ಕಣ್ಣಿಗೆ ಕಾಣದ ಗುರುತು ಹೆಸರಿನೊಳಗೆ ಸೇರಿಕೊಂಡರೆ ಪೈಥಾನ್ ಹರತಾಳ ಹೂಡುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕಿದರೆ ಕಾಣುವುದಿಲ್ಲ, ಏಕೆಂದರೆ ಅದು ಕಾಣುವಂಥದ್ದೇ ಅಲ್ಲ. ಆದ್ದರಿಂದ ಮೆಥಡ್‌ಗೆ ಹೆಸರಿಡುವಾಗ ಅರ್ಧಾಕ್ಷರ ನಡುವೆ ಬರುವ ಇಂಗ್ಲಿಷ್ ಮಾತು ಬೇಡ, ಅಚ್ಚಗನ್ನಡ ಸಾಕು. ಕನ್ನಡಾಭಿಮಾನಕ್ಕೆ ಇಷ್ಟು ಗಟ್ಟಿಯಾದ ತಾಂತ್ರಿಕ ಕಾರಣ ಬೇರೆಲ್ಲೂ ಸಿಗಲಿಕ್ಕಿಲ್ಲ.

ಹಳೆಯ ಹೆಲ್ಪರ್ ತೆಗೆದು ಹೊಸದು ಕೂರಿಸುವುದು

ನಿಮಗಿಂತ ಮೊದಲು ಈ ಕೆಲಸ ಶಾನುಭೋಗರದಾಗಿತ್ತು. ಯಾವ ಸರ್ವೆ ನಂಬರ್ ಯಾರದು, ಎಷ್ಟು ಗುಂಟೆ, ಯಾರ ಮೇಲೆ ಸಾಲ, ಯಾವ ಅಣ್ಣತಮ್ಮಂದಿರಿಗೆ ಮಾತಿಲ್ಲ, ಎಲ್ಲಕ್ಕೂ ಅವರ ಬಾಯಲ್ಲೇ ಉತ್ತರ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಗ್ರಾಮಲೆಕ್ಕಿಗರು ಬಂದರು. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹತ್ತಿದವು, ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಹಾಳೆ. ಲೆಕ್ಕಿಗರ ಮನೆಯ ಜಗಲಿಯಲ್ಲಿ ಕಾಯುವುದು ತಪ್ಪಿತು. ಇದು ಸಣ್ಣ ಸಂಗತಿಯಲ್ಲ.

ಆದರೆ ಹಳೆಯ ಹೆಲ್ಪರ್‌ನಲ್ಲಿ ಒಂದು ಸೌಲಭ್ಯವಿತ್ತು. ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಗೊತ್ತಿದ್ದೂ ಹೇಳುವಂತಿಲ್ಲದಿದ್ದರೆ, ಅವರು ಕನ್ನಡಕ ತೆಗೆದು ಒರೆಸುತ್ತ ‘ನಾಳೆ ಬಾ’ ಎನ್ನುತ್ತಿದ್ದರು. ಪ್ರಶ್ನೆಯಲ್ಲೇ ಏನೋ ತೊಡಕಿದೆ ಎಂದು ಕೇಳಿದವನಿಗೆ ತಿಳಿಯುತ್ತಿತ್ತು. ನೀವು ಬರೆಯುವ ಹೆಲ್ಪರ್ ನಾಳೆ ಬಾ ಎನ್ನುವುದಿಲ್ಲ. ಅರ್ಧ ಸೆಕೆಂಡಿನಲ್ಲಿ ಏನಾದರೊಂದು ಹೇಳಿಯೇ ತೀರುತ್ತದೆ. ಮುಂದಿನ ಪುಟಗಳನ್ನು ಈ ಮಾತು ತಲೆಯಲ್ಲಿಟ್ಟುಕೊಂಡು ಓದಿ.

ತೋಟ.ವಿಸ್ತೀರ್ಣ

ಇದು ಎಲ್ಲರೂ ಬರೆಯುವ ಮೊದಲ ಹೆಲ್ಪರ್, ಎಲ್ಲರೂ ತಪ್ಪು ಬರೆಯುವ ಮೊದಲ ಹೆಲ್ಪರ್ ಕೂಡ. ಪಹಣಿಯಲ್ಲಿ ವಿಸ್ತೀರ್ಣ 2.20.00 ಎಂದು ಅಚ್ಚಾಗಿರುತ್ತದೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದವನ ಕಣ್ಣಿಗೆ ಚುಕ್ಕೆ ಕಂಡರೆ ದಶಮಾಂಶ. ಕೊನೆಯ ಸೊನ್ನೆಗಳನ್ನು ಕತ್ತರಿಸಿ 2.2 ಎಕರೆ ಎಂದು ಡೇಟಾಬೇಸಿಗೆ ಹಾಕುತ್ತಾನೆ. ತೋಟದವನ ಮನೆಯ ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತು, ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಅಂದರೆ ಎರಡೂವರೆ ಎಕರೆ.

ಬೆಂಬಲ ಬೆಲೆಯಲ್ಲಿ ಕೊಬ್ಬರಿ ಕೊಳ್ಳುವಾಗ ಎಕರೆಗೆ ಇಷ್ಟು ಕ್ವಿಂಟಲ್ ಎಂಬ ಮಿತಿ ಹಾಕುತ್ತಾರೆ. 6 ಎಂದಿಟ್ಟುಕೊಳ್ಳಿ. ಎರಡೂವರೆ ಎಕರೆಗೆ 15 ಕ್ವಿಂಟಲ್ ಆಗಬೇಕು, ನಿಮ್ಮ ಹೆಲ್ಪರ್ 13.2 ಎನ್ನುತ್ತದೆ. 1.8 ಕ್ವಿಂಟಲ್ ಗಾಳಿಗೆ ಹೋಯಿತು. 2024ರ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಆ ಲೆಕ್ಕದಲ್ಲಿ 21,600 ರೂಪಾಯಿ. ಒಂದು ಚುಕ್ಕೆಯ ಬೆಲೆ ಅದು. ಕೌಂಟರಿನ ಆಚೆ ನಿಂತ ಯಜಮಾನರು ಹೀಗೆ ಶುರುಮಾಡುತ್ತಾರೆ:

‘ಎರಡೂವರೆ ಎಕರೆ ಐತೆ ಕಣಪ್ಪ. ನಿನ್ ಕಂಪ್ಯೂಟ್ರು ಹನ್ನೆರಡು ಗುಂಟೆ ನುಂಗೈತಲ್ಲ, ಉಗಿಯಾಕೇಳು.’

‘ಇಲ್ಲ ಯಜಮಾನ್ರೇ, ಸಿಸ್ಟಮ್ಮಲ್ಲಿ ಹಂಗೇ ತೋರ್ಸ್ತೈತೆ.’

‘ಸಿಸ್ಟಮ್ ಬಂದು ತೋಟ ಅಳೀತಾ?’

ಈ ಪ್ರಶ್ನೆಗೆ ಯಾವ ಫ್ರೇಮ್‌ವರ್ಕಿನ ದಸ್ತಾವೇಜಿನಲ್ಲೂ ಉತ್ತರವಿಲ್ಲ.

ಕ್ರಮ ಹೀಗೆ. ಡೇಟಾಬೇಸಿನಲ್ಲಿ ಚುಕ್ಕೆ ಇಡಲೇಬೇಡಿ. ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿಡಿ. ಎಕರೆಗೆ 640 ಆಣೆ. ತೋರಿಸುವಾಗ ಮಾತ್ರ ಹೆಲ್ಪರ್ ಅದನ್ನು ಎಕರೆ, ಗುಂಟೆ, ಆಣೆಯಾಗಿ ಒಡೆಯಲಿ. ಹೀಗೆ ಮಾಡಿದರೆ ಕೂಡುವಾಗಿನ ಇನ್ನೊಂದು ಅನಾಹುತವೂ ತಪ್ಪುತ್ತದೆ. 1.30 ಮತ್ತು 1.30 ಕೂಡಿದರೆ 2.60 ಎಂದು ಕ್ಯಾಲ್ಕುಲೇಟರ್ ಹೇಳುತ್ತದೆ; ಸರಿಯಾದದ್ದು 3.20. ಅಣ್ಣನ ಪಾಲು ತಮ್ಮನ ಪಾಲು ಕೂಡಿಸಿದಾಗ ಇಂಥ ಉತ್ತರ ಬಂದು, ಅದನ್ನು ಮನೆಯಲ್ಲಿ ಓದಿ ಹೇಳಿದಿರೋ, ಹತ್ತು ವರ್ಷದ ಹಿಂದೆ ಮುಗಿದ ಪಾಲುಪಟ್ಟಿ ಮತ್ತೆ ಜೀವ ತಾಳುತ್ತದೆ.

ಮುಗಿಯಲಿಲ್ಲ. ಖರಾಬು ಇದೆ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಒಂದು, ಬಂಡೆ ಹಳ್ಳ ದಾರಿಗಳ ಖರಾಬು ಕಳೆದು ಉಳಿದದ್ದು ಇನ್ನೊಂದು. ತೋಟ.ವಿಸ್ತೀರ್ಣ ಯಾವುದನ್ನು ಕೊಡಬೇಕು? ಕಂದಾಯಕ್ಕೆ ಬೇಕಾದದ್ದು ಒಂದು, ಮಾರಾಟದ ಮಾತುಕತೆಯಲ್ಲಿ ಬಾಯಿಗೆ ಬರುವುದು ಇನ್ನೊಂದು. ಇದಕ್ಕೆ ಉಪಾಯ ಚತುರವಾದದ್ದೇನಲ್ಲ. ವಿಸ್ತೀರ್ಣ ಎಂಬ ಹೆಸರಿನ ಮೆಥಡ್ ಬರೆಯಲೇಬೇಡಿ. ಒಟ್ಟು_ವಿಸ್ತೀರ್ಣ, ಖರಾಬು_ಕಳೆದ_ವಿಸ್ತೀರ್ಣ ಎಂದು ಎರಡು ಬರೆಯಿರಿ. ಹೆಸರು ಉದ್ದವಾಯಿತು ಎಂದು ಗೊಣಗುವ ಸಹೋದ್ಯೋಗಿಯನ್ನು ಒಮ್ಮೆ ಕೌಂಟರಿನಲ್ಲಿ ಕೂರಿಸಿ.

ಮರಗಳ ಲೆಕ್ಕಕ್ಕೂ ಇದೇ ಗತಿ. ಮೂವತ್ತು ಅಡಿ ಅಂತರದಲ್ಲಿ ಹಾಕಿದರೆ ಎಕರೆಗೆ 48 ಮರ ಎಂದು ಗಣಿತ ಹೇಳುತ್ತದೆ, ಅಂದಾಜು_ಮರ ಎಂಬ ಹೆಲ್ಪರ್ ಬರೆಯಬಹುದು. ‘ಅಂದಾಜು’ ಎಂಬುದನ್ನು ಹೆಸರಿನಿಂದ ತೆಗೆಯಬೇಡಿ. ಕಪ್ಪುತಲೆ ಹುಳು ತಿಂದ ಸಾಲು, ಕಾಂಡದಿಂದ ರಸ ಸೋರಿ ಸತ್ತ ಮರ, ಬೋರ್‌ವೆಲ್ ಬತ್ತಿದ ವರ್ಷ ಸುಳಿ ಒಣಗಿದ ಮೂಲೆ, ಇವು ಯಾವುದೂ ಆ ಗುಣಾಕಾರಕ್ಕೆ ಗೊತ್ತಿಲ್ಲ.

ತೋಟ.ಮಾಲೀಕ

ಪಹಣಿಯ ಕಾಲಂ 9ರಲ್ಲಿ ಖಾತೆದಾರರ ಹೆಸರು ಇರುತ್ತದೆ. ಕಾಲಂ 11ರಲ್ಲಿ ಸಾಲ, ಇತರ ಹಕ್ಕು. 12ರಲ್ಲಿ ಸಾಗುವಳಿದಾರರು ಮತ್ತು ಬೆಳೆ. ಹಾಗಾಗಿ ತೋಟ.ಮಾಲೀಕ ಸುಲಭ, ಕಾಲಂ 9ರ ಮೊದಲ ಹೆಸರು ತೆಗೆದುಕೊಟ್ಟರಾಯಿತು ಎಂದು ನಿಮಗೆ ಅನ್ನಿಸುತ್ತದೆ. ಫ್ರೇಮ್‌ವರ್ಕೂ ಕುಮ್ಮಕ್ಕು ಕೊಡುತ್ತದೆ. ‘ಫಸ್ಟ್’ ಎಂಬ ಹೆಲ್ಪರ್ ಅದರಲ್ಲಿ ಸಿದ್ಧವಾಗಿಯೇ ಇದೆ. ಬೇರೆ ಕ್ರಮ ಹೇಳದಿದ್ದರೆ ರೈಲ್ಸ್‌ನಲ್ಲೂ ಜಾಂಗೋದಲ್ಲೂ ಅದು ಪ್ರೈಮರಿ ಕೀ ಪ್ರಕಾರ ಮೊದಲನೆಯದನ್ನು ಕೊಡುತ್ತದೆ. ಅಂದರೆ ಸಾಮಾನ್ಯವಾಗಿ ಯಾರ ಹೆಸರು ಮೊದಲು ಟೈಪಾಯಿತೋ ಅವರು ಯಜಮಾನರು. ಹಿರಿತನ, ನ್ಯಾಯ, ಪಾಲು ಯಾವುದೂ ಲೆಕ್ಕಕ್ಕಿಲ್ಲ.

ಜಂಟಿ ಖಾತೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ ಹಣ ಬಂದ ಎಸ್‌ಎಂಎಸ್ ಪ್ರತಿಸಲ ಒಬ್ಬನ ಫೋನಿಗೇ ಹೋಗುತ್ತದೆ. ಉಳಿದ ಮೂವರು ಅವನ ಮುಖವನ್ನೂ ಹೊಸ ಬೈಕನ್ನೂ ನೋಡಿ ಲೆಕ್ಕ ಹಾಕಿಕೊಳ್ಳಬೇಕು. ಇದು ಬಗ್ ಎಂದು ಯಾರೂ ದೂರು ಕೊಡುವುದಿಲ್ಲ. ಸಿವಿಲ್ ಕೋರ್ಟಿಗೆ ಹೋಗುತ್ತಾರೆ. ಆದ್ದರಿಂದ ಮಾಲೀಕ ಏಕವಚನ ಬೇಡ. ತೋಟ.ಖಾತೆದಾರರು ಎಂದು ಬಹುವಚನದಲ್ಲಿಡಿ, ಪಟ್ಟಿ ಬರಲಿ, ಒಬ್ಬರೇ ಇದ್ದರೂ ಪಟ್ಟಿಯೇ ಬರಲಿ. ಪಟ್ಟಿಯಿಂದ ಒಬ್ಬರನ್ನು ಆರಿಸುವ ಅಧಿಕಾರ ನಿಮ್ಮ ಮೆಥಡ್‌ಗೆ ಯಾರೂ ಕೊಟ್ಟಿಲ್ಲ.

ಕಾಲಂ 9ರಲ್ಲಿರುವವರು ಬದುಕಿಲ್ಲದಿದ್ದರೆ? ಈ ಸೀಮೆಯಲ್ಲಿ ಅದು ಅಪರೂಪದ ಪ್ರಕರಣವಲ್ಲ, ನಡೆಯುತ್ತಿರುವ ಪದ್ಧತಿ. ಅಜ್ಜ ಹೋಗಿ ಎಷ್ಟೋ ವರ್ಷವಾದರೂ ತೋಟ ಅವರ ಹೆಸರಲ್ಲೇ ಕಾಯಿ ಬಿಡುತ್ತಿರುತ್ತದೆ. ಅಜ್ಜನ ಆಧಾರ್ ಇಲ್ಲ, ರೈತರ ನೋಂದಣಿಯ ಫ್ರೂಟ್ಸ್ ನಂಬರ್ ಇಲ್ಲ, ಫೋನಂತೂ ಇಲ್ಲ. ತೋಟ.ಮಾಲೀಕ.ಫೋನ್ ಎಂದು ನಿಮ್ಮ ಕೋಡ್ ಕೇಳಿದಾಗ ಎರಡರಲ್ಲಿ ಒಂದಾಗುತ್ತದೆ. ಪ್ರೋಗ್ರಾಂ ಬಿದ್ದುಹೋಗುತ್ತದೆ, ಅಥವಾ ರೂಬಿಯ 2.3ನೇ ಆವೃತ್ತಿಯಿಂದ ಬಂದ ಆ ಸುರಕ್ಷಿತ ಚುಕ್ಕೆಯನ್ನು ನೀವು ಹಾಕಿದ್ದರೆ, ಏನೂ ಸಿಗದಿದ್ದರೂ ಸದ್ದಿಲ್ಲದೆ ಖಾಲಿಯನ್ನು ಮುಂದಕ್ಕೆ ದಾಟಿಸುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಬಿದ್ದ ಪ್ರೋಗ್ರಾಂ ಕಣ್ಣಿಗೆ ಕಾಣುತ್ತದೆ, ಯಾರಾದರೂ ಎತ್ತುತ್ತಾರೆ. ದಾಟಿಸಿದ ಖಾಲಿ ಕೊನೆಗೆ ‘ಮಾನ್ಯ ______ ರವರೇ, ತಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂಬ ಪತ್ರವಾಗಿ ಅಚ್ಚಾಗುತ್ತದೆ, ತಿರಸ್ಕಾರ ಏಕೆಂದು ಹೇಳಲು ಅದರೊಳಗೆ ಯಾರೂ ಉಳಿದಿರುವುದಿಲ್ಲ. ಇಂಥ ಕಡೆ ಹೆಲ್ಪರ್ ‘ಪೌತಿ ಖಾತೆ ಆಗಿಲ್ಲ’, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾಗಿಲ್ಲ, ಎಂದು ಬಾಯಿಬಿಟ್ಟು ಹೇಳಬೇಕು. ಜಾಂಗೋದ ‘ಗೆಟ್’ ಈ ವಿಷಯದಲ್ಲಿ ನೇರ ಮನುಷ್ಯ: ಸಿಗದಿದ್ದರೆ ಇಲ್ಲ ಎಂದು ಕೂಗುತ್ತದೆ, ಒಂದಕ್ಕಿಂತ ಹೆಚ್ಚು ಸಿಕ್ಕರೂ ಕೂಗುತ್ತದೆ. ನನಗೆ ಅದೇ ಇಷ್ಟ.

ದಾಖಲೆಯಲ್ಲಿರುವವರು ಬೇರೆ, ಸಾಲಿನಲ್ಲಿ ನಿಂತವರು ಬೇರೆ ಎಂಬುದೂ ನೆನಪಿರಲಿ. 2024ರ ಫೆಬ್ರವರಿಯಲ್ಲಿ ಬೆಂಬಲ ಬೆಲೆ ಖರೀದಿಗೆ ನಡೆದ ನೋಂದಣಿ, ಅಕ್ರಮದ ದೂರುಗಳ ನಡುವೆ ರದ್ದಾಗಿ, ಮಾರ್ಚಿನಲ್ಲಿ ರೈತರು ಮತ್ತೆ ಹೊಸದಾಗಿ ಸಾಲು ನಿಲ್ಲಬೇಕಾಯಿತು. ಖಾತೆದಾರರ ನಂಬರ್ ಇದೆಯೇ ಎಂದು ಕೇಳುವುದು ಒಂದು ಪ್ರಶ್ನೆ, ಖಾತೆದಾರರೇ ಬಂದಿದ್ದಾರೆಯೇ ಎಂದು ಕೇಳುವುದು ಇನ್ನೊಂದು. ಎರಡನ್ನೂ ಒಂದೇ ಹೆಲ್ಪರ್‌ಗೆ ತುರುಕಬೇಡಿ.

ಚುಕ್ಕೆಯ ಮೇಲೆ ಚುಕ್ಕೆ

ಲಾಟ್.ತೋಟ.ಹಳ್ಳಿ.ಹೋಬಳಿ.ಹೆಸರು. ನೋಡಲು ಚಂದ, ಓದಲು ಸಲೀಸು. 1987ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಇದು ಬೇಡ ಎಂದರು: ನಿನ್ನ ಪಕ್ಕದವನನ್ನು ಮಾತಾಡಿಸು, ಪಕ್ಕದವನ ಪಕ್ಕದವನ ಜೇಬಿಗೆ ಕೈಹಾಕಬೇಡ. ನಿಯಮಕ್ಕೆ ಅವರ ಯೋಜನೆಯ ಹೆಸರೇ ಬಂತು, ಡಿಮೀಟರ್. ಗ್ರೀಕರಲ್ಲಿ ಡಿಮೀಟರ್ ಬೆಳೆಯ ದೇವತೆ. ಕಾನ್ಸಸ್ ಗೋಧಿಯ ಮಾತಿಗೆ ತಂದೆಯವರು ಒಪ್ಪದಿದ್ದರೆ ಇದನ್ನು ಪ್ರಯೋಗಿಸಿ ನೋಡಿ.

ನಿಯಮ ಪಾಲಿಸಿ ನೀವು ಲಾಟ್.ಹೋಬಳಿ ಎಂಬ ಒಂದೇ ಚುಕ್ಕೆಯ ಹೆಲ್ಪರ್ ಬರೆದಿರಿ ಎನ್ನಿ. ಅದು ‘ಕಸಬಾ’ ಎನ್ನುತ್ತದೆ. ಯಾವ ಕಸಬಾ? ತಿಪಟೂರಿನಲ್ಲಿ ಕಸಬಾ ಹೋಬಳಿ ಇದೆ, ತುರುವೇಕೆರೆಯಲ್ಲಿ ಇದೆ, ಚಿಕ್ಕನಾಯಕನಹಳ್ಳಿಯಲ್ಲೂ ಇದೆ. ನೊಣವಿನಕೆರೆ, ಮಾಯಸಂದ್ರ, ಹುಳಿಯಾರು, ಕಂದಿಕೆರೆ ಎಂದರೆ ತಾಲ್ಲೂಕು ತಾನಾಗಿ ಹೊಳೆಯುತ್ತದೆ. ಕಸಬಾ ಎಂದರೆ ಕರ್ನಾಟಕವೇ ಎದ್ದು ನಿಲ್ಲುತ್ತದೆ. ಹೊಸಹಳ್ಳಿಗಳ ಕಥೆ ಹೇಳುವುದೇ ಬೇಡ. ಹೆಸರು ಕೊಡುವ ಹೆಲ್ಪರ್ ತಾಲ್ಲೂಕನ್ನೂ ಸೇರಿಸಿಯೇ ಕೊಡಲಿ, ಹುಡುಕುವ ಹೆಲ್ಪರ್ ಹೆಸರಿನಿಂದ ಹುಡುಕದೆ ಸರ್ಕಾರಿ ಕೋಡಿನಿಂದ ಹುಡುಕಲಿ.

ಚುಕ್ಕೆಗೆ ಖರ್ಚೂ ಇದೆ. ಹರಾಜಿನ ದಿನದ ಪುಟದಲ್ಲಿ 300 ಲಾಟ್ ತೋರಿಸಬೇಕು, ಪ್ರತಿ ಲಾಟಿನ ಮುಂದೆ ಖಾತೆದಾರರ ಹೆಸರು. ನೀವು ಬರೆದದ್ದು ಒಂದೇ ಸಾಲು. ಡೇಟಾಬೇಸಿಗೆ ಹೋದದ್ದು ಲಾಟ್‌ಗಳಿಗೆ 1, ತೋಟಗಳಿಗೆ 300, ಖಾತೆದಾರರಿಗೆ 300, ಒಟ್ಟು 601 ಪ್ರಶ್ನೆ. ಮಂಡಿಯ ಹುಡುಗನನ್ನು ಒಂದೊಂದು ಚೀಲಕ್ಕೂ ‘ಇದು ಯಾರ್ದು ಕೇಳ್ಕೊಂಡು ಬಾ’ ಎಂದು ತಾಲ್ಲೂಕು ಕಚೇರಿಗೆ ಓಡಿಸಿದ ಹಾಗೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೂರೇ ಲಾಟ್ ಇಟ್ಟು ಪರೀಕ್ಷೆ ಮಾಡಿರುತ್ತೀರಿ, ಆದ್ದರಿಂದ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಿಡ್ ಹಾಕುವ ಸಮಯ ಮುಗಿಯುತ್ತ ಬಂದಾಗ, ವರ್ತಕರೆಲ್ಲ ಒಟ್ಟಿಗೆ ಪುಟ ತೆರೆದಾಗ. ಜಾಂಗೋದಲ್ಲಿ ‘ಸೆಲೆಕ್ಟ್_ರಿಲೇಟೆಡ್’, ‘ಪ್ರೀಫೆಚ್_ರಿಲೇಟೆಡ್’, ರೈಲ್ಸ್‌ನಲ್ಲಿ ‘ಇನ್‌ಕ್ಲೂಡ್ಸ್’, ಲಾರಾವೆಲ್‌ನಲ್ಲಿ ‘ವಿತ್’. ಬೇಕಾದದ್ದನ್ನೆಲ್ಲ ಮೊದಲೇ ಪಟ್ಟಿ ಮಾಡಿ ಎರಡು ಮೂರು ಸಲದಲ್ಲಿ ತರಿಸಿಕೊಳ್ಳಲು ಇವು. ಬಳಸಿ.

ಲಾಟ್.ಸಿದ್ಧವೇ

ಹೌದು ಅಥವಾ ಇಲ್ಲ ಎನ್ನುವ ಹೆಲ್ಪರ್‌ಗಳ ಮೇಲೆ ಪ್ರೋಗ್ರಾಮರುಗಳಿಗೆ ವಿಶೇಷ ಮಮತೆ. ಕೊಬ್ಬರಿ ಸಿದ್ಧವಾಗಿದೆಯೇ ಎಂಬುದಕ್ಕೂ ಒಂದು ಬರೆಯಬೇಕು ಅನ್ನಿಸುತ್ತದೆ. ಮರದಲ್ಲಿ ಪೂರ್ತಿ ಬಲಿತ ಕಾಯಿಯನ್ನು ಇಳಿಸಿ, ಸುಲಿಯದೆ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, 8ರಿಂದ 12 ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಉತ್ತರ ಭಾರತದವರು ಒಣಹಣ್ಣುಗಳ ಜೊತೆ ಇಟ್ಟು ತಿನ್ನುವುದು ಇದನ್ನೇ. ಇಳಿಸಿದ ತಾರೀಖಿಗೆ ಹನ್ನೊಂದು ತಿಂಗಳು ಕೂಡಿಸಿ, ಇವತ್ತಿನ ದಿನ ಅದನ್ನು ದಾಟಿದ್ದರೆ ‘ಹೌದು’ ಎನ್ನುವ ಮೆಥಡ್ ಬರೆಯಲು ಎರಡು ನಿಮಿಷ ಸಾಕು.

ಅಟ್ಟದ ಮೇಲಿರುವ ಅಜ್ಜಿ ತಾರೀಖು ನೋಡುವುದಿಲ್ಲ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಒಂದು ಗುಂಪು, ನೀರಿನ ಸದ್ದು ಬಂದರೆ ಇನ್ನೊಂದು ಗುಂಪು, ಏನೂ ಸದ್ದಿಲ್ಲದಿದ್ದರೆ ಅನುಮಾನ. ಮಳೆ ಹೆಚ್ಚಾದ ವರ್ಷ, ಸೋರುವ ಹೆಂಚಿನ ಕೆಳಗಿದ್ದ ರಾಶಿ, ನುಸಿ ಹತ್ತಿ ಸಣ್ಣದಾದ ಕಾಯಿ, ಒಂದೊಂದಕ್ಕೂ ಬೇರೆ ಲೆಕ್ಕ. ನಿಮ್ಮ ಹೆಲ್ಪರ್‌ಗೆ ಗೊತ್ತಿರುವುದು ತಾರೀಖು ಮಾತ್ರ, ಹಾಗಾಗಿ ಅದರ ಹೆಸರು ಹನ್ನೊಂದು_ತಿಂಗಳಾಯಿತೇ. ಸಿದ್ಧವೇ ಎಂಬ ಹೆಸರು ಬೇಕೇ ಬೇಕಿದ್ದರೆ ಅಜ್ಜಿಯ ಮಾತನ್ನು ದಾಖಲಿಸಲು ಒಂದು ಕಾಲಂ ಇಡಿ, ಹೆಲ್ಪರ್ ಅದನ್ನು ಓದಲಿ.

ಲಾಟ್.ಧಾರಣೆ

ತಿಪಟೂರಿನ ಎಪಿಎಂಸಿಯಲ್ಲಿ ಹರಾಜಿನ ದಿನ ಸಂಜೆಯಾದರೆ ಮೂರು ತಾಲ್ಲೂಕಿನ ಫೋನುಗಳಲ್ಲಿ ಒಂದೇ ಪ್ರಶ್ನೆ: ‘ಎಷ್ಟೋಯ್ತು?’ ಇದಕ್ಕೆ ಉತ್ತರ ಒಂದಲ್ಲ, ಮೂರು. ಕನಿಷ್ಠ, ಗರಿಷ್ಠ, ಹೆಚ್ಚು ಮಾಲು ಹೋದ ಮಾದರಿ ಬೆಲೆ. ಇಂದಿನ_ಧಾರಣೆ ಎಂಬ ಹೆಲ್ಪರ್ ಗರಿಷ್ಠವನ್ನು ಕೊಟ್ಟರೆ ಊರೆಲ್ಲ ಸಂತೋಷಪಡುತ್ತದೆ, ಮಾರನೆಯ ದಿನ ಮಂಡಿಯಲ್ಲಿ ದಲ್ಲಾಳಿಗಳ ಕೊರಳಪಟ್ಟಿ ಹಿಡಿಯುತ್ತದೆ. ಕನಿಷ್ಠ ಕೊಟ್ಟರೆ ಕಾಯಿ ಅಟ್ಟದಿಂದ ಇಳಿಯುವುದೇ ಇಲ್ಲ. ಮೂರನ್ನೂ ಕೊಡಿ, ತಾರೀಖಿನ ಸಮೇತ. ತಾರೀಖು ಏಕೆಂದರೆ ವೇಗಕ್ಕಾಗಿ ನೀವು ಉತ್ತರವನ್ನು ಕ್ಯಾಶ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಇಟ್ಟಿರುತ್ತೀರಿ, ಹೋದ ವಾರದ ಬೆಲೆ ಈ ವಾರವೂ ತಾಜಾ ಮುಖ ಹೊತ್ತು ಬರುತ್ತದೆ.

ರಾಜ್ಯ ಸರ್ಕಾರ ಕೃಷಿ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡೆಕ್ಸ್ ಬಳಗದ ಜೊತೆ ಸೇರಿ 2014ರಲ್ಲಿ ಕಟ್ಟಿದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯಲ್ಲಿ ಬಿಡ್‌ಗಳು ಆನ್‌ಲೈನ್ ಆದವು. ಬೆಲೆ ಡೇಟಾಬೇಸಿಗೆ ನೇರವಾಗಿ ಬಂದು ಬೀಳುವಂತಾಯಿತು. ಬಂದ ಮೇಲೆ ಅದರ ಮೇಲೆ ನಿಮ್ಮ ನಂಬಿಕೆಗಳನ್ನು ಹೇರಬೇಡಿ. 2023ರಲ್ಲಿ ಕ್ವಿಂಟಲಿಗೆ 8,000ದ ಆಸುಪಾಸಿಗೆ ಕುಸಿದು ರೈತರನ್ನು ಬೀದಿಗೆ ತಂದ ಧಾರಣೆ 2025ರಲ್ಲಿ 25,000 ದಾಟಿತು. ಮೊದಲನೆಯ ವರ್ಷ ಕುಳಿತು ‘20,000ಕ್ಕಿಂತ ಹೆಚ್ಚಿದ್ದರೆ ಟೈಪಿಂಗ್ ತಪ್ಪು’ ಎಂಬ ಕಾವಲು ಬರೆದವನ ಹೆಲ್ಪರ್ ಎರಡನೆಯ ವರ್ಷ ಇಡೀ ಸೀಮೆಯ ಸಂಭ್ರಮವನ್ನು ದೋಷವೆಂದು ತಿರಸ್ಕರಿಸುತ್ತಿತ್ತು. ಬೆಂಬಲ ಬೆಲೆಯ ಹೆಲ್ಪರ್‌ಗೂ ವರ್ಷವನ್ನು ಕೇಳುವ ಅಭ್ಯಾಸ ಮಾಡಿಸಿ: 2023ಕ್ಕೆ 11,750, 2024ಕ್ಕೆ 12,000, 2025ಕ್ಕೆ 12,100. ಸಂಖ್ಯೆಯನ್ನು ಕೋಡಿನೊಳಗೆ ಕೆತ್ತಿಟ್ಟರೆ ವರ್ಷಕ್ಕೊಮ್ಮೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಹಬ್ಬಕ್ಕೆ ಕರೆಯಲು ಅಲ್ಲ.

ತೊಂದರೆ ಬಂದರೆ

ಪುಟ ತೆರೆಯುತ್ತಿಲ್ಲ: ಕರೆಂಟ್ ಇದೆಯೇ ನೋಡಿ. ಇದ್ದರೆ 601ನ್ನು ನೆನೆಯಿರಿ.

ಒಬ್ಬರೇ ರೈತರು ಎರಡು ಸಲ ಕಾಣುತ್ತಿದ್ದಾರೆ: ಪಹಣಿಯಲ್ಲಿ ತಂದೆಯ ಹೆಸರಿಗೆ ‘ಬಿನ್’ ಹಾಕಿದೆ, ಆಧಾರಿನಲ್ಲಿ ಇನಿಷಿಯಲ್ ಇದೆ. ಹೆಸರು ಹೋಲಿಸಿ ಒಂದು ಮಾಡುವ ಹೆಲ್ಪರ್ ಬರೆಯುವ ಆಸೆ ಬಂದರೆ ಒಂದು ರಾತ್ರಿ ಮಲಗಿ ಎದ್ದು ಬಿಟ್ಟುಬಿಡಿ. ಒಂದೇ ಊರಲ್ಲಿ ಅದೇ ಹೆಸರು, ಅದೇ ತಂದೆಯ ಹೆಸರು ಇರುವ ಇಬ್ಬರು ಸಿಕ್ಕೇ ಸಿಗುತ್ತಾರೆ.

ಯಜಮಾನರು ಉತ್ತರ ಒಪ್ಪುತ್ತಿಲ್ಲ: ಬಹುತೇಕ ಅವರೇ ಸರಿ. ಪಹಣಿ ತರಿಸಿ ಜೊತೆಯಲ್ಲಿ ಕೂತು ಓದಿ.

ಖಾತರಿ

ಈ ಕೈಪಿಡಿಗೆ ಯಾವ ಖಾತರಿಯೂ ಇಲ್ಲ. ಹೆಲ್ಪರ್ ಎಷ್ಟೇ ನಯವಾಗಿದ್ದರೂ ಕಾಲಂನಲ್ಲಿ ಇಲ್ಲದ್ದನ್ನು ಹುಟ್ಟಿಸಲಾರದು. ಅದಕ್ಕೇ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ತೋಟದ ಪಹಣಿಯನ್ನು ಈ ವಾರ ತೆಗೆಸಿ ಕಾಲಂ 9 ನೋಡಿ. ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷ ಬರೆಸುವಾಗ ಸೋದರತ್ತೆಯರ ಹೆಸರು ಬಿಡಬೇಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯ ಪ್ರಕಾರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ.